ಹಲ್ಲಿನ ಬೇರಿನ ತುದಿಯಲ್ಲಿ ಇಷ್ಟೊಂದು ರೋಗನಿರೋಧಕ ಕೋಶಗಳಿದ್ದೂ ಸೋಂಕು ಏಕೆ ಹೋಗಲಿಲ್ಲ?

ಪ್ರಶ್ನೆ: ಚಿಕ್ಕಂದಿನಲ್ಲಿ ಬಿದ್ದು ಮೇಲ್ದವಡೆಯ ಮುಂದಿನ ಹಲ್ಲಿಗೆ ಪೆಟ್ಟಾಗಿತ್ತು. ಹಲ್ಲು ಮುರಿಯಲಿಲ್ಲ, ಹುಳುಕೂ ಹಿಡಿಯಲಿಲ್ಲ. ಕ್ರಮೇಣ ಬೂದು ಬಣ್ಣಕ್ಕೆ ತಿರುಗಿತು, ಅಷ್ಟೇ. ದೊಡ್ಡವನಾದ ಮೇಲೆ ಬೇರೇನೋ ಕಾರಣಕ್ಕೆ ಎಕ್ಸ್‌ರೇ ತೆಗೆಸಿದಾಗ ಅದರ ಬೇರಿನ ತುದಿಯಲ್ಲಿ ದುಂಡಗಿನ ಕಪ್ಪು ಮಚ್ಚೆ ಕಂಡಿತು. ನೋವು ಎಂದೂ ಇರಲಿಲ್ಲ. ರೂಟ್ ಕೆನಾಲ್ ಆಗಿ ನಾಲ್ಕು ವರ್ಷ ಕಳೆದರೂ ಮಚ್ಚೆ ಕುಗ್ಗದ್ದರಿಂದ ಶಸ್ತ್ರಚಿಕಿತ್ಸೆ ಮಾಡಿ, ತೆಗೆದ ತುಂಡನ್ನು ಬಯಾಪ್ಸಿಗೆ ಕಳುಹಿಸಿದರು. ವರದಿಯಲ್ಲಿ ಹೀಗಿದೆ: ಪೆರಿಏಪಿಕಲ್ ಗ್ರ್ಯಾನುಲೋಮಾ, ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳ ದಟ್ಟ ಸಂದಣಿ, ಫೋಮ್ ಕೋಶಗಳು, ರಸೆಲ್ ಬಾಡಿಗಳು, ಕೊಲೆಸ್ಟರಾಲ್ ಸೀಳುಗಳು, ಅಲ್ಲಲ್ಲಿ ನ್ಯೂಟ್ರೋಫಿಲ್‌ಗಳು. ಇಷ್ಟೊಂದು ರೋಗನಿರೋಧಕ ಕೋಶಗಳು ಸೇರಿದ್ದರೂ ಸೋಂಕು ಹೋಗಲಿಲ್ಲವೇಕೆ? ಮೂಳೆಯನ್ನು ತಿಂದದ್ದು ಯಾವುದು? ಪ್ಲಾಸ್ಮಾ ಕೋಶಗಳ ಕ್ಯಾನ್ಸರ್ ಒಂದಿದೆ ಎಂದು ಓದಿದೆ, ನಾನು ಹೆದರಬೇಕೆ? ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಂಡರೆ ಇದು ಮರುಕಳಿಸುವುದಿಲ್ಲವೆ?

ಉತ್ತರ: ಹೆದರಿಕೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಅದು ತಲೆಯಲ್ಲಿ ಕುಳಿತಿರುವಾಗ ಉಳಿದದ್ದನ್ನು ಓದಲು ಮನಸ್ಸಾಗುವುದಿಲ್ಲ.

ಪ್ಲಾಸ್ಮಾ ಕೋಶವೆಂದರೆ ಪ್ರತಿಕಾಯಗಳನ್ನು ತಯಾರಿಸುವ ಜೀವಕೋಶ. ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಪಕ್ವಗೊಂಡು ಈ ರೂಪ ತಾಳುತ್ತದೆ. ಬಹುಕಾಲದಿಂದ ಉರಿಯೂತವಿರುವ ಅಂಗಾಂಶದಲ್ಲಿ, ಅದು ಒಸಡಿರಲಿ, ಬೇರಿನ ತುದಿಯಿರಲಿ, ಇವು ಸಿಗುವುದು ತೀರಾ ಸಾಮಾನ್ಯ. ನೀವು ಓದಿರುವ ಮಯಲೋಮಾದಲ್ಲಿ ಒಂದೇ ಕೋಶದ ಸಂತತಿ ಮಿತಿಮೀರಿ ಹಬ್ಬಿರುತ್ತದೆ. ಹಾಗಾಗಿ ಅವೆಲ್ಲವೂ ಒಂದೇ ಬಗೆಯ ಪ್ರತಿಕಾಯವನ್ನು ಹೊರಹಾಕುತ್ತವೆ. ಪ್ರತಿಕಾಯದ ಅಣುವಿನಲ್ಲಿ ಕಪ್ಪಾ ಅಥವಾ ಲ್ಯಾಂಬ್ಡಾ ಎಂಬ ಸರಪಳಿಗಳಲ್ಲಿ ಒಂದಿರುತ್ತದೆ. ಉರಿಯೂತದ ಸಂದಣಿಯಲ್ಲಿ ಎರಡೂ ಬಗೆಯ ಕೋಶಗಳು ಬೆರೆತಿರುತ್ತವೆ. ಮಯಲೋಮಾದಲ್ಲಿ ಕಾಣುವುದು ಒಂದೇ ಬಗೆ. ಬೇರೆ ಕೋಶಗಳ ಸುಳಿವೇ ಇಲ್ಲದೆ ಬರೀ ಪ್ಲಾಸ್ಮಾ ಕೋಶಗಳು ಹಾಸಿದಂತೆ ಹಬ್ಬಿದ್ದರೆ, ಅಥವಾ ಅವುಗಳ ಕೋಶಕೇಂದ್ರಗಳು ವಿಕಾರವಾಗಿ ಕಂಡರೆ, ರೋಗಶಾಸ್ತ್ರಜ್ಞರು ವಿಶೇಷ ಬಣ್ಣ ಹಾಕಿ ಈ ಮಿಶ್ರಣವನ್ನು ಪರೀಕ್ಷಿಸುತ್ತಾರೆ. ದವಡೆಯಲ್ಲಿ ಅಪರೂಪಕ್ಕೆ ಮಯಲೋಮಾ ಕಾಣಿಸಿಕೊಳ್ಳುವುದುಂಟು. ಬೇರಿನ ತುದಿಯಿಂದ ತೆಗೆದದ್ದನ್ನು ಬಿಸಾಡದೆ ಬಯಾಪ್ಸಿಗೆ ಕಳುಹಿಸುವುದಕ್ಕೆ ಇಂಥ ಅಪರೂಪಗಳೂ ಕಾರಣ. ನಿಮ್ಮ ವರದಿಯಲ್ಲಿರುವುದು ಲಿಂಫೋಸೈಟ್, ಪ್ಲಾಸ್ಮಾ ಕೋಶ, ಫೋಮ್ ಕೋಶ, ನ್ಯೂಟ್ರೋಫಿಲ್ ಎಲ್ಲ ಸೇರಿದ ಬೆರಕೆ ಸಂದಣಿ. ಉರಿಯೂತದ ಚಿತ್ರ ಇರುವುದೇ ಹಾಗೆ. ಬೇರಿನ ತುದಿಯಲ್ಲಿ ಉರಿಯೂತದ ಕೋಶಗಳು ತುಂಬಿದ ಮೃದು ಅಂಗಾಂಶದ ಗಂಟಿಗೇ ಪೆರಿಏಪಿಕಲ್ ಗ್ರ್ಯಾನುಲೋಮಾ ಎಂದು ಹೆಸರು. ಗ್ರ್ಯಾನುಲೋಮಾ ಎಂದಾಕ್ಷಣ ಕ್ಷಯವನ್ನು ನೆನೆಯುವವರೂ ಇದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ರಸೆಲ್ ಬಾಡಿಗಳ ಬಗ್ಗೆ ನೀವು ಕೇಳಿಲ್ಲ. ಆದರೆ ಕ್ಯಾನ್ಸರ್ ಭಯದ ಮಾತು ಬಂದದ್ದರಿಂದ ಹೇಳಲೇಬೇಕು. 1890ರಲ್ಲಿ ಎಡಿನ್‌ಬರೋದ ವಿಲಿಯಂ ರಸೆಲ್ ಎಂಬ ವೈದ್ಯರು ಗಡ್ಡೆಗಳ ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಗಾಜಿನಂತೆ ಹೊಳೆಯುವ ಗುಂಡು ಗುಂಡಾದ ಕಣಗಳನ್ನು ಕಂಡು, ಕ್ಯಾನ್ಸರ್ ಉಂಟುಮಾಡುವ ಸೂಕ್ಷ್ಮಜೀವಿ ಸಿಕ್ಕಿತೆಂದೇ ಪ್ರಕಟಿಸಿದರು. ಜೀವಿಯೂ ಅಲ್ಲ, ಕ್ಯಾನ್ಸರಿಗೆ ವಿಶೇಷವೂ ಅಲ್ಲ ಎಂಬುದು ಆಮೇಲೆ ತಿಳಿಯಿತು. ಪ್ಲಾಸ್ಮಾ ಕೋಶವು ಪ್ರತಿಕಾಯವನ್ನು ತಯಾರಿಸುತ್ತಲೇ ಹೋಗಿ, ಹೊರಹಾಕಲಾಗದೆ ಒಳಗೇ ಶೇಖರಿಸಿಕೊಂಡಾಗ ಅದು ಹೀಗೆ ಗುಂಡಾಗಿ ಗಟ್ಟಿಯಾಗುತ್ತದೆ. ನಿಮ್ಮ ವರದಿಯಲ್ಲಿ ಅವುಗಳ ಹೆಸರು ಬಂದಿದೆಯೆಂದರೆ, ಅಲ್ಲಿನ ಕೋಶಗಳು ವರ್ಷಗಟ್ಟಲೆ ದುಡಿದಿವೆ ಎಂದಷ್ಟೇ ಅರ್ಥ.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಇಡೀ ವಿಷಯದ ತಿರುಳು ಇರುವುದು ಅಲ್ಲಿಯೇ.

ಹಲ್ಲಿನೊಳಗೆ ಒಂದು ಟೊಳ್ಳಿದೆ. ಅದರಲ್ಲಿ ದಂತಮಜ್ಜೆ, ಎಂದರೆ ರಕ್ತನಾಳ, ನರ ಮತ್ತು ಮೃದು ಅಂಗಾಂಶ ಇರುತ್ತದೆ. ರಕ್ತ ಒಳಗೆ ಬರುವ ಮುಖ್ಯ ದಾರಿ ಬೇರಿನ ತುದಿಯಲ್ಲಿರುವ ರಂಧ್ರ. ಬೆಳೆದ ಹಲ್ಲಿನಲ್ಲಿ ಅದರ ಅಗಲ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ನೀವು ಬಿದ್ದ ದಿನ ಹಲ್ಲು ತನ್ನ ಗೂಡಿನಲ್ಲಿ ಒಂದು ಕ್ಷಣ ಅಲುಗಾಡಿದಾಗ ಆ ರಂಧ್ರದ ಬಳಿಯ ರಕ್ತನಾಳಗಳು ಹರಿದಿರಬೇಕು. ಮಜ್ಜೆ ಸತ್ತಿತು. ಬೂದು ಬಣ್ಣ ಅದರ ಗುರುತು: ರಕ್ತದಿಂದ ಸೋರಿದ ವಸ್ತುಗಳು ಮಜ್ಜೆಯ ಸುತ್ತಲಿನ ಗಟ್ಟಿ ಪದರವಾದ ದಂತದ್ರವ್ಯದೊಳಗೆ (ಡೆಂಟಿನ್) ಇಳಿದಾಗ ಹೀಗೆ ಬಣ್ಣ ಕಟ್ಟುತ್ತದೆ.

ಆದರೆ ಸತ್ತ ಮಜ್ಜೆಯೊಂದೇ ಮೂಳೆಯನ್ನು ಕರಗಿಸುವುದಿಲ್ಲ. ಇದು ಬಹುಕಾಲ ವಾದಕ್ಕೆ ಬಿದ್ದಿದ್ದ ವಿಷಯ. 1965ರಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಸ್‌ಜೆರಾಲ್ಡ್ ಎಂಬ ಅಮೆರಿಕದ ಸಂಶೋಧಕರು ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳ ಮತ್ತು ಸಾಮಾನ್ಯ ಇಲಿಗಳ ಹಲ್ಲುಗಳನ್ನು ಮಜ್ಜೆಯವರೆಗೆ ಕೊರೆದು ಹಾಗೆಯೇ ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ಮಜ್ಜೆ ಕೊಳೆತು ಬೇರಿನ ತುದಿಯಲ್ಲಿ ಕೀವುಗೂಡು ಆಯಿತು. ಸೂಕ್ಷ್ಮಜೀವಿಗಳಿಲ್ಲದ ಇಲಿಗಳಲ್ಲಿ ತೂತಿನೊಳಗೆ ಆಹಾರದ ಚೂರು ತುಂಬಿಕೊಂಡರೂ ಮಜ್ಜೆ ಜೀವಂತವಾಗಿಯೇ ಉಳಿಯಿತು, ಮೇಲೆ ಹೊಸ ದಂತದ್ರವ್ಯದ ಸೇತುವೆಯೂ ಕಟ್ಟಿತು. 1976ರಲ್ಲಿ ಸ್ವೀಡನ್ನಿನ ಸುಂಡ್‌ಕ್ವಿಸ್ಟ್ ನಿಮ್ಮ ಹಲ್ಲಿನಂಥವನ್ನೇ ಪರೀಕ್ಷಿಸಿದರು: ಪೆಟ್ಟು ಬಿದ್ದು ಮಜ್ಜೆ ಸತ್ತಿದ್ದರೂ ಹೊರಗಿನಿಂದ ಇಡಿಯಾಗಿ ಕಾಣುತ್ತಿದ್ದ ಹಲ್ಲುಗಳು. ಬ್ಯಾಕ್ಟೀರಿಯಾ ಸಿಕ್ಕಿದ್ದು ಹೆಚ್ಚುಕಡಿಮೆ ಬೇರಿನ ತುದಿಯ ಮೂಳೆ ನಾಶವಾಗಿದ್ದ ಹಲ್ಲುಗಳಲ್ಲಿ ಮಾತ್ರ, ಮತ್ತು ಸಿಕ್ಕವುಗಳಲ್ಲಿ ಬಹುಪಾಲು ಆಮ್ಲಜನಕ ಇಲ್ಲದೆ ಬದುಕುವ ಜಾತಿಗಳು. ನೋಡಲು ಇಡಿಯಾಗಿದ್ದ ಹಲ್ಲಿನೊಳಗೆ ಅವು ಹೊಕ್ಕಿದ್ದು ಹೇಗೆ? ಎನಾಮಲ್‌ನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಪೆಟ್ಟು ಬಿದ್ದ ಹಲ್ಲಿನಲ್ಲಿ ಇನ್ನೂ ಹೆಚ್ಚು. ಜೀವಂತ ಮಜ್ಜೆ ಆ ದಾರಿಯಲ್ಲಿ ಬರುವವನ್ನು ತಡೆಯುತ್ತದೆ. ಸತ್ತ ಮಜ್ಜೆಗೆ ಆ ಶಕ್ತಿ ಎಲ್ಲಿಯದು?

ಹೀಗೆ ಒಳಹೊಕ್ಕ ಬ್ಯಾಕ್ಟೀರಿಯಾ ಬೇರುನಾಳದ ಗೋಡೆಗೆ ಅಂಟಿಕೊಂಡು, ತಾವೇ ಸುರಿಸುವ ಲೋಳೆಯಂಥ ಪದರದೊಳಗೆ ಒತ್ತೊತ್ತಾಗಿ ಬೆಳೆಯುತ್ತವೆ. ಗೋಡೆಯಲ್ಲಿ ತೆರೆದುಕೊಳ್ಳುವ ದಂತನಾಳಿಕೆಗಳ, ಎಂದರೆ ದಂತದ್ರವ್ಯದ ಸೂಕ್ಷ್ಮ ಕೊಳವೆಗಳ, ಒಳಗೂ ಇಳಿಯುತ್ತವೆ. ಇಲ್ಲಿನ ಅಳತೆಗಳು ತಾವೇ ಕಥೆ ಹೇಳುತ್ತವೆ. ನಾಳಿಕೆಯ ಅಗಲ ಸುಮಾರು 1ರಿಂದ 2.5 ಮೈಕ್ರೋಮೀಟರ್, ಒಂದು ಬ್ಯಾಕ್ಟೀರಿಯಾದ ಅಗಲ ಅದಕ್ಕಿಂತ ಕಡಿಮೆ. ಅದನ್ನು ನುಂಗಬೇಕಾದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಅಡ್ಡಳತೆಯೋ ಹತ್ತು ಮೈಕ್ರೋಮೀಟರಿಗೂ ಮಿಕ್ಕಿ. ನಾಳಿಕೆಯ ಮಾತು ಹಾಗಿರಲಿ, ಬೇರುನಾಳದ ಒಳಗಡೆಗೂ ಅದು ಹೋಗಲಾರದು. ಬಿಳಿ ರಕ್ತಕಣಗಳು ಊರೆಲ್ಲ ತಿರುಗುವುದು ರಕ್ತದ ಹರಿವಿನಲ್ಲಿ. ಆ ಹರಿವು ಬೇರಿನ ತುದಿಯಲ್ಲೇ ನಿಂತುಹೋಗಿದೆ. ಬೀಗ ಹಾಕಿದ ಮನೆಯೊಳಗೆ ಬೆಂಕಿ ಬಿದ್ದಾಗ ಅಕ್ಕಪಕ್ಕದವರೆಲ್ಲ ಕೊಡ ಹಿಡಿದು ಬಾಗಿಲ ಮುಂದೆ ನಿಂತ ಸ್ಥಿತಿ ಅದು: ಹೊರಬರುವ ಕಿಡಿಯನ್ನು ಆರಿಸಬಹುದು, ಒಳಗಿನ ಬೆಂಕಿಗೆ ನೀರು ಮುಟ್ಟಿಸಲಾಗದು.

ಕೋಶಗಳು ಇಷ್ಟೊಂದಿದ್ದರೂ ಸೋಂಕು ಹೋಗದಿರುವುದಕ್ಕೆ ಕಾರಣ ಇದು. ಕೋಶಗಳ ಸಂಖ್ಯೆಯಲ್ಲಿ ಕೊರತೆ ಇರಲಿಲ್ಲ, ಅವುಗಳ ಸಾಮರ್ಥ್ಯದಲ್ಲೂ ಇರಲಿಲ್ಲ. ಎಕ್ಸ್‌ರೇಯ ಕಪ್ಪು ಮಚ್ಚೆಯನ್ನೇ ರೋಗದ ಮನೆ ಎಂದು ಜನ ಭಾವಿಸುತ್ತಾರೆ, ಕೆಲವು ವೈದ್ಯರೂ ಹಾಗೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ರೋಗವಿರುವುದು ಹಲ್ಲಿನೊಳಗೆ. ಮಚ್ಚೆ ದೇಹದ ಉತ್ತರ.

ಆ ಉತ್ತರ ಒಂದೇ ಸಲ ಸಿದ್ಧವಾಗುವುದಿಲ್ಲ. ಬ್ಯಾಕ್ಟೀರಿಯಾದ ಹೊರಪೊರೆಯ ಚೂರುಗಳು, ಮುಖ್ಯವಾಗಿ ಲಿಪೋಪಾಲಿಸ್ಯಾಕರೈಡ್ ಎಂಬ ವಸ್ತು, ಬೇರಿನ ತುದಿಯಿಂದ ಹೊರಗೆ ಜಿನುಗುತ್ತವೆ. ಹಲ್ಲನ್ನು ಮೂಳೆಗೆ ಬಿಗಿದಿಡುವ ನಾರುಗಳ ನಡುವಿನ ರಕ್ತನಾಳಗಳು ಕೆಲವೇ ಗಂಟೆಗಳಲ್ಲಿ ಹಿಗ್ಗುತ್ತವೆ. ಮೊದಲು ಬರುವುದು ನ್ಯೂಟ್ರೋಫಿಲ್. ಅದು ನುಂಗುತ್ತದೆ, ವಿಷಕಾರಿ ಆಮ್ಲಜನಕದ ಅಣುಗಳನ್ನು ಉಗುಳುತ್ತದೆ, ತನ್ನದೇ ಡಿಎನ್‌ಎಯನ್ನು ಬಲೆಯಂತೆ ಬಿಚ್ಚಿ ಬ್ಯಾಕ್ಟೀರಿಯಾಗಳನ್ನು ಸಿಕ್ಕಿಸುತ್ತದೆ, ಬೇಗನೆ ಸಾಯುತ್ತದೆ. ಸಾಯುವಾಗ ಹೊರಬೀಳುವ ಕಿಣ್ವಗಳಿಗೆ ಶತ್ರುವಿನ ಅಂಗಾಂಶ, ನಮ್ಮ ಅಂಗಾಂಶ ಎಂಬ ಭೇದವಿಲ್ಲ. ಅವು ಸುತ್ತಲಿನ ಕೊಲಾಜೆನ್ ನಾರುಗಳನ್ನೂ ಕರಗಿಸುತ್ತವೆ. ಹೀಗೆ ಸತ್ತ ನ್ಯೂಟ್ರೋಫಿಲ್‌ಗಳ ರಾಶಿಯನ್ನೇ ನಾವು ಕೀವು ಎನ್ನುವುದು.

ಸೋಂಕು ಅಲ್ಲಿಗೂ ನಿಲ್ಲದಿದ್ದರೆ ರಕ್ತದ ಮಾನೋಸೈಟ್‌ಗಳು ಬಂದು ಮ್ಯಾಕ್ರೋಫೇಜ್‌ಗಳಾಗುತ್ತವೆ. ಈ ಗಾಯದಲ್ಲಿ ನಡೆಯುವ ಹೆಚ್ಚಿನದಕ್ಕೆ ಸೂತ್ರ ಹಿಡಿದಿರುವುದು ಮ್ಯಾಕ್ರೋಫೇಜ್ ಎಂದು ನಾನು ತಿಳಿದಿದ್ದೇನೆ. ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗಿ ಗುಡಿಸುವುದು ಅದು. ಇಂಟರ್‌ಲ್ಯೂಕಿನ್-1, ಟಿಎನ್‌ಎಫ್, ಪ್ರೊಸ್ಟಗ್ಲಾಂಡಿನ್ ಮುಂತಾದ ಸಂದೇಶವಸ್ತುಗಳನ್ನು ಹೊರಬಿಟ್ಟು ಉಳಿದ ಕೋಶಗಳನ್ನು ಕರೆಯುವುದೂ ಅದು. ಸೋಂಕು ಇಳಿದ ಮೇಲೆ ದುರಸ್ತಿಯ ಸಂಕೇತಗಳನ್ನು ಕೊಡುವುದರಲ್ಲೂ ಅದರದ್ದೇ ದೊಡ್ಡ ಪಾಲು. ಈ ನಡುವೆ ಡೆಂಡ್ರೈಟಿಕ್ ಕೋಶಗಳು ಬ್ಯಾಕ್ಟೀರಿಯಾದ ಚೂರುಗಳನ್ನು ಹೊತ್ತು ಕತ್ತಿನ ದುಗ್ಧಗ್ರಂಥಿಗಳಿಗೆ ಹೋಗಿ ಲಿಂಫೋಸೈಟ್‌ಗಳಿಗೆ ಗುರುತು ಹಿಡಿಸುತ್ತವೆ. ಬಳಿಕ ಬರುವ ಟಿ ಮತ್ತು ಬಿ ಲಿಂಫೋಸೈಟ್‌ಗಳು ಆ ಗುರುತನ್ನು ಹಿಡಿದೇ ಬರುತ್ತವೆ. ಬೇರಿನ ತುದಿಯ ಪ್ಲಾಸ್ಮಾ ಕೋಶಗಳು ತಯಾರಿಸುವುದರಲ್ಲಿ ಐಜಿಜಿ ಬಗೆಯ ಪ್ರತಿಕಾಯವೇ ಹೆಚ್ಚು. ಮಾಸ್ಟ್ ಕೋಶಗಳೂ ಇರುತ್ತವೆ, ಹಿಸ್ಟಮಿನ್ ಬಿಟ್ಟು ರಕ್ತನಾಳಗಳನ್ನು ಸಡಿಲಗೊಳಿಸುತ್ತವೆ. ಅವುಗಳ ಬಗ್ಗೆ ಇಷ್ಟು ಸಾಕು.

ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡುವುದೇ ಒಂದು ಸೊಗಸು. ಬೇರನ್ನೂ ಅದಕ್ಕೆ ಅಂಟಿದ ಗಡ್ಡೆಯನ್ನೂ ಬೇರ್ಪಡಿಸದೆ ಒಟ್ಟಿಗೆ ಕತ್ತರಿಸಿ ನೋಡಿದರೆ, ರಂಧ್ರದ ಬಾಯಿಗೆ ಸರಿಯಾಗಿ ನ್ಯೂಟ್ರೋಫಿಲ್‌ಗಳ ದಟ್ಟ ಗೋಡೆಯೊಂದು ಹಲವು ಸಲ ಕಾಣುತ್ತದೆ. ಬ್ಯಾಕ್ಟೀರಿಯಾದ ನೀಲಿ ಗುಂಪು ಅದರ ಒಳಬದಿಗಿರುತ್ತದೆ, ಹೊರಬದಿಯಲ್ಲಿ ಸಾಮಾನ್ಯವಾಗಿ ಒಂದೂ ಇರುವುದಿಲ್ಲ. ಗೋಡೆಯಿಂದ ಹೊರಕ್ಕೆ ಬಂದಂತೆ ಹೊಸ ರಕ್ತನಾಳಗಳ ನಡುವೆ ಲಿಂಫೋಸೈಟ್‌ಗಳ ಕಡುನೀಲಿ ಚುಕ್ಕೆಗಳು. ಅವುಗಳ ಜೊತೆಗೆ ಪ್ಲಾಸ್ಮಾ ಕೋಶಗಳು: ಕೋಶಕೇಂದ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ, ಅದರ ಪಕ್ಕದಲ್ಲಿ ತಿಳಿಯಾದ ಒಂದು ಜಾಗ, ಪ್ರತಿಕಾಯವನ್ನು ಕಟ್ಟಿ ಕಳುಹಿಸುವ ಭಾಗ ಅದು. ತೀರಾ ಹೊರಗೆ ನಾರುಗಳ ಕವಚ, ಅದರಾಚೆಗೆ ಮೂಳೆ. ಒಳಗಿನಿಂದ ಹೊರಕ್ಕೆ ಹೋದಂತೆ ಗಾಯದ ಉಗ್ರತೆ ಇಳಿಯುತ್ತ ಬರುವುದು ಕಣ್ಣಿಗೇ ಕಾಣುತ್ತದೆ.

ಮೂಳೆಯನ್ನು ತಿಂದದ್ದು ಯಾವುದು ಎಂದು ಕೇಳಿದ್ದೀರಿ. ಬ್ಯಾಕ್ಟೀರಿಯಾ ತಿನ್ನಲಿಲ್ಲ. ತಿಂದದ್ದು ಆಸ್ಟಿಯೋಕ್ಲಾಸ್ಟ್ ಎಂಬ, ಹಲವು ಕೋಶಕೇಂದ್ರಗಳಿರುವ ದೊಡ್ಡ ಕೋಶ. ಸ್ವಾರಸ್ಯವೆಂದರೆ ಇದೂ ಮ್ಯಾಕ್ರೋಫೇಜ್‌ನ ದಾಯಾದಿಯೇ. ಎರಡೂ ಮಾನೋಸೈಟ್ ವಂಶದವು. ಯಾವ ಕೋಶ ಯಾವ ದಾರಿ ಹಿಡಿಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ರ್‍ಯಾಂಕ್‌ಎಲ್ ಎಂಬ ಪ್ರೋಟೀನು. ಮೂಳೆಯ ಕೋಶಗಳು, ಬೇರಿನ ಸುತ್ತಲಿನ ನಾರಿನ ಕೋಶಗಳು, ಉದ್ರೇಕಗೊಂಡ ಟಿ ಮತ್ತು ಬಿ ಲಿಂಫೋಸೈಟ್‌ಗಳು ಇದನ್ನು ಹೊರಬಿಡುತ್ತವೆ. ಮಾನೋಸೈಟ್ ವಂಶದ ಎಳೆಯ ಕೋಶಗಳು ಇದರ ಸಂಕೇತ ಸಿಕ್ಕಾಗ ಒಂದರೊಡನೊಂದು ಬೆಸೆದುಕೊಂಡು ಆಸ್ಟಿಯೋಕ್ಲಾಸ್ಟ್ ಆಗುತ್ತವೆ. ಅದು ಮೂಳೆಯ ಮೇಲೆ ಅಂಟಿ ಕುಳಿತು, ಅಂಚನ್ನು ಬಿಗಿಯಾಗಿ ಮುಚ್ಚಿ, ತನ್ನ ಅಡಿಯಲ್ಲಿ ಆಮ್ಲ ಸುರಿಸಿ ಖನಿಜವನ್ನು ಕರಗಿಸುತ್ತದೆ. ಉಳಿದ ಪ್ರೋಟೀನನ್ನು ಕೆಥೆಪ್ಸಿನ್ ಕೆ ಎಂಬ ಕಿಣ್ವದಿಂದ ಅರೆಯುತ್ತದೆ. ಇದಕ್ಕೆ ಲಗಾಮು ಹಾಕುವುದಕ್ಕೂ ದೇಹದಲ್ಲಿ ವ್ಯವಸ್ಥೆಯಿದೆ: ಆಸ್ಟಿಯೋಪ್ರೊಟೆಜೆರಿನ್ ಎಂಬ ಇನ್ನೊಂದು ಪ್ರೋಟೀನು ರ್‍ಯಾಂಕ್‌ಎಲ್ ಅನ್ನು ನಡುದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಇವೆರಡರ ಪ್ರಮಾಣ ಎತ್ತ ವಾಲಿದೆ ಎಂಬುದರ ಮೇಲೆ ಮಚ್ಚೆ ಬೆಳೆಯುತ್ತದೋ, ನಿಲ್ಲುತ್ತದೋ, ಕುಗ್ಗುತ್ತದೋ ಎಂಬುದು ತೀರ್ಮಾನವಾಗುತ್ತದೆ.

ಹಾಗಾದರೆ ನಮ್ಮ ರಕ್ಷಣೆಗೆ ಬಂದವೇ ನಮ್ಮ ಮೂಳೆಯನ್ನು ಕೆಡವಿದವಲ್ಲ ಎಂದು ನೀವು ಕೇಳಬಹುದು. ಹೌದು. ಆದರೆ ಅವು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಇಲಿಗಳ ಪ್ರಯೋಗಗಳು ತೋರಿಸಿವೆ. ನ್ಯೂಟ್ರೋಫಿಲ್‌ಗಳು ರಕ್ತನಾಳದಿಂದ ಹೊರಬರಲು ಬೇಕಾದ ಸೆಲೆಕ್ಟಿನ್ ಎಂಬ ಅಂಟುಪ್ರೋಟೀನುಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಬೇರಿನ ತುದಿಯ ಮೂಳೆ ಹೆಚ್ಚು ಉಳಿಯಬೇಕಿತ್ತಲ್ಲವೆ? ಆದದ್ದು ಉಲ್ಟಾ, ಮೂಳೆ ನಾಶ ಹೆಚ್ಚಾಯಿತು. ಟಿ ಮತ್ತು ಬಿ ಲಿಂಫೋಸೈಟ್‌ಗಳೆರಡೂ ಇಲ್ಲದ ಇಲಿಗಳಲ್ಲಿ ಕೆಲವಕ್ಕೆ ಸೋಂಕು ಹಲ್ಲಿನ ನೆರೆಯಲ್ಲಿ ನಿಲ್ಲದೆ ಮುಖದ ಅಂಗಾಂಶಗಳಿಗೇ ಹರಡಿತು. ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್-10 ಇಲ್ಲದ ಇಲಿಗಳಲ್ಲಿ ಮೂಳೆ ವಿಪರೀತವಾಗಿ ಕರಗಿತು. ಅಂದರೆ ಈ ಕೋಶಗಳು ಬೇಕು, ಹಿಡಿತದಲ್ಲಿರಬೇಕು. ಸೋಂಕು ಒಳಗಿರುವ ತನಕ ಒಂದಿಷ್ಟು ಮೂಳೆ ಹೋಗುವುದು ಖಚಿತ. ಕರಗಿದ ಮೂಳೆಯ ಜಾಗದಲ್ಲಿ ರಕ್ತನಾಳಗಳು ತುಂಬಿದ ಮೃದು ಅಂಗಾಂಶ ಬೆಳೆದು ಕೋಶಗಳು ನಿಲ್ಲಲು ನೆಲೆಯಾಗುತ್ತದೆ. ಗಟ್ಟಿ ಮೂಳೆಯೊಳಗೆ ಅಷ್ಟು ಜನಕ್ಕೆ ಜಾಗವೇ ಇರುವುದಿಲ್ಲ. ಮೂಳೆಯ ತನಕ ಸೋಂಕು ಬಂದು ಅದನ್ನು ಕೊಳೆಯಿಸುವುದಕ್ಕಿಂತ ಮೂಳೆಯೇ ಹಿಂದೆ ಸರಿಯುವುದು ದೇಹಕ್ಕೆ ಅಗ್ಗದ ವ್ಯವಹಾರ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ನೋವು ಏಕೆ ಇರಲಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಇಲಿಗಳಲ್ಲಿ ನೋಡಿದಂತೆ, ಗಾಯ ಬೆಳೆಯುವ ಮೊದಲ ಹಂತದಲ್ಲಿ ಉರಿಯೂತವನ್ನು ಹುರಿದುಂಬಿಸುವ ಸಹಾಯಕ ಟಿ ಕೋಶಗಳ ಸಂಖ್ಯೆ ಮೇಲುಗೈಯಾಗಿರುತ್ತದೆ. ಬಳಿಕ ತೂಕ ಬದಲಾಗಿ, ಅದನ್ನು ಅದುಮಿಡುವ ಬಗೆಯವು ಹೆಚ್ಚುತ್ತವೆ, ಗಾಯದ ಗಾತ್ರ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಒಳಗಿನ ಒತ್ತಡಕ್ಕೆ ಹರಡಿಕೊಳ್ಳಲು ಜಾಗವೂ ಆಗಿರುತ್ತದೆ. ಮಜ್ಜೆ ಸತ್ತಿರುವುದರಿಂದ ತಣ್ಣನೆಯದು ಬಿಸಿಯದು ತಾಗಿದರೂ ಹಲ್ಲು ಜುಮ್ಮೆನ್ನುವುದಿಲ್ಲ. ಹೀಗೆ ಹತ್ತಾರು ವರ್ಷ ಸದ್ದಿಲ್ಲದೆ ಇರಬಲ್ಲದು. ಎಕ್ಸ್‌ರೇಯಲ್ಲೂ ಮೊದಮೊದಲು ಕಾಣದೆ ಹೋಗಬಹುದು: ದವಡೆಯ ಒಳಗಿನ ಜಾಲರಿಯಂಥ ಮೂಳೆ ಮಾತ್ರ ಕರಗಿ ಹೊರಗೋಡೆ ಗಟ್ಟಿಯಾಗಿಯೇ ಉಳಿದಿದ್ದರೆ ಸಾಮಾನ್ಯ ಎಕ್ಸ್‌ರೇ ಅದನ್ನು ತೋರಿಸದಿರಬಹುದೆಂದು ಬೆಂಡರ್ ಮತ್ತು ಸೆಲ್ಟ್‌ಜರ್ 1961ರಲ್ಲೇ ತೋರಿಸಿಕೊಟ್ಟರು. ಇಷ್ಟಾದರೂ ಇದು ಗುಣವಾದ ಸ್ಥಿತಿ ಅಲ್ಲ. ಬ್ಯಾಕ್ಟೀರಿಯಾದ ಬಲ ಹೆಚ್ಚಿದರೆ ನ್ಯೂಟ್ರೋಫಿಲ್‌ಗಳು ಮತ್ತೆ ಪ್ರವಾಹದಂತೆ ನುಗ್ಗಿ, ರಾತ್ರಿ ಬೆಳಗಾಗುವುದರೊಳಗೆ ಮುಖ ಊದಿಕೊಳ್ಳಬಹುದು.

ವರದಿಯಲ್ಲಿ ಉಳಿದ ಎರಡು ಸಂಗತಿಗಳು ಫೋಮ್ ಕೋಶ ಮತ್ತು ಕೊಲೆಸ್ಟರಾಲ್ ಸೀಳು. ಇವೆರಡಕ್ಕೂ ನಿಮ್ಮ ರಕ್ತಪರೀಕ್ಷೆಯ ಕೊಲೆಸ್ಟರಾಲಿಗೂ ಗಂಟುಹಾಕಬೇಡಿ. ಸತ್ತ ಕೋಶಗಳ ಪೊರೆಗಳಲ್ಲಿ ಕೊಬ್ಬು ಇರುತ್ತದೆ. ಅದನ್ನು ನುಂಗಿ ನುಂಗಿ ಉಬ್ಬಿದ ಮ್ಯಾಕ್ರೋಫೇಜ್ ಸೂಕ್ಷ್ಮದರ್ಶಕದಲ್ಲಿ ನೊರೆ ತುಂಬಿದಂತೆ ಕಾಣುತ್ತದೆ. ಕೋಶಗಳ ಕೊಲೆಸ್ಟರಾಲ್ ಗಾಯದಲ್ಲೇ ಹರಳುಗಟ್ಟುವುದೂ ಉಂಟು. ತುಂಡನ್ನು ಪರೀಕ್ಷೆಗೆ ಸಿದ್ಧಗೊಳಿಸುವಾಗ ಬಳಸುವ ದ್ರಾವಣಗಳಲ್ಲಿ ಹರಳು ಕರಗಿಹೋಗಿ, ಅದಿದ್ದ ಜಾಗ ಮಾತ್ರ ಸೂಜಿಯಂಥ ಬಿಳಿ ಸೀಳಾಗಿ ಉಳಿಯುತ್ತದೆ. ಈ ಹರಳುಗಳನ್ನು ಮ್ಯಾಕ್ರೋಫೇಜ್‌ಗಳು ಜೀರ್ಣಿಸಿಕೊಳ್ಳಲಾರವು. ಹಲವು ಒಟ್ಟಾಗಿ ಬೆಸೆದು ದೈತ್ಯಕೋಶವಾಗಿ ಅವನ್ನು ಸುತ್ತುವರಿಯುತ್ತವೆ, ಆದರೂ ಸಾಗಿಸಲಾರವು. ಬ್ಯಾಕ್ಟೀರಿಯಾ ಹೋದ ಮೇಲೂ ಉರಿಯೂತ ಉಳಿಯಲು ಇದೊಂದೇ ಸಾಕಾಗಬಹುದೆಂದು ಜ್ಯೂರಿಕ್‌ನಲ್ಲಿ ಕೆಲಸ ಮಾಡಿದ ರಾಮಚಂದ್ರನ್ ನಾಯರ್ ಅವರ ಸಂಶೋಧನೆಗಳು ಸೂಚಿಸುತ್ತವೆ. ನಿಮ್ಮ ರೂಟ್ ಕೆನಾಲ್ ಆದ ಮೇಲೂ ಮಚ್ಚೆ ಕುಗ್ಗದಿರಲು ಇದು ಕಾರಣಗಳಲ್ಲಿ ಒಂದಿರಬಹುದು. ಅದಕ್ಕಿಂತ ಸಾಮಾನ್ಯವಾದ ಕಾರಣ, ಬೇರಿನ ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿ ನಾಳ ಕವಲೊಡೆದು, ಆ ಕವಲುಗಳಲ್ಲಿ ಬ್ಯಾಕ್ಟೀರಿಯಾ ಉಳಿದುಕೊಳ್ಳುವುದು. ಶಸ್ತ್ರಚಿಕಿತ್ಸೆಯಲ್ಲಿ ಬೇರಿನ ತುದಿಯ ಸುಮಾರು 3 ಮಿಲಿಮೀಟರನ್ನು ಕತ್ತರಿಸಿ ತೆಗೆಯುವುದು ಇದಕ್ಕೇ. ಎಂಟೆರೊಕಾಕಸ್ ಫೀಕಾಲಿಸ್ ಎಂಬ ಗಟ್ಟಿಪಿಂಡವಂತೂ ಒಮ್ಮೆ ಚಿಕಿತ್ಸೆ ಕಂಡ ಬೇರುನಾಳಗಳಲ್ಲಿ ಪದೇಪದೇ ಸಿಗುತ್ತದೆ. ಇನ್ನು ಆಕ್ಟಿನೊಮೈಸಿಸ್ ಎಂಬ ಬ್ಯಾಕ್ಟೀರಿಯಾ ನ್ಯೂಟ್ರೋಫಿಲ್‌ಗಳ ಗೋಡೆ ದಾಟಿ ಬಂದು ಬೇರಿನ ಹೊರಗೇ ಗುಂಪುಕಟ್ಟಿ ಬದುಕಬಲ್ಲದು. ನಿಮ್ಮ ವರದಿಯಲ್ಲಿ ಅದರ ಹೆಸರಿಲ್ಲ.

ಸಿಸ್ಟ್ ಅಲ್ಲವಲ್ಲ ಎಂದೂ ಕೆಲವರು ಕೇಳುತ್ತಾರೆ. ಹಲ್ಲು ಹುಟ್ಟುವಾಗ ಬೇರಿನ ಆಕಾರ ತಿದ್ದಿದ ಎಪಿಥೀಲಿಯಂ ಎಂಬ ಹೊದಿಕೆ ಪದರದ ಚೂರುಗಳು ಬೇರಿನ ಸುತ್ತ ಜೀವಮಾನವಿಡೀ ಉಳಿದಿರುತ್ತವೆ. ಮಲಾಸೆ ಎಂಬ ಫ್ರೆಂಚ್ ವಿಜ್ಞಾನಿ 1880ರ ದಶಕದಲ್ಲಿ ವಿವರಿಸಿದ್ದರಿಂದ ಅವಕ್ಕೆ ಅವರದೇ ಹೆಸರು. ಉರಿಯೂತದ ಕೋಶಗಳು ಬಿಡುವ ಬೆಳವಣಿಗೆಯ ಅಂಶಗಳು ತಾಗಿದಾಗ ಈ ಮಲಗಿದ್ದ ಚೂರುಗಳು ಬೆಳೆದು, ಒಳಗೆ ದ್ರವ ತುಂಬಿದ ಚೀಲವಾಗುವುದುಂಟು. ಅದೇ ಸಿಸ್ಟ್. ಎಕ್ಸ್‌ರೇ ನೋಡಿ ಇದು ಸಿಸ್ಟ್, ಇದು ಗ್ರ್ಯಾನುಲೋಮಾ ಎಂದು ಖಚಿತವಾಗಿ ಹೇಳುವವರನ್ನು ನಂಬಬೇಡಿ. ನಾಯರ್ ಮತ್ತು ಸಹೋದ್ಯೋಗಿಗಳು 1996ರಲ್ಲಿ 256 ಗಾಯಗಳನ್ನು ಎಳೆ ಎಳೆಯಾಗಿ ಕತ್ತರಿಸಿ ನೋಡಿದಾಗ ಅರ್ಧದಷ್ಟು ಗ್ರ್ಯಾನುಲೋಮಾ, ಶೇಕಡಾ 35 ಕೀವುಗೂಡು, ಶೇಕಡಾ 15 ಮಾತ್ರ ಸಿಸ್ಟ್ ಎಂದು ಕಂಡಿತು.

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಮಾತಿಗೆ ನಾನು ನೇರವಾಗಿ ಬೇಡ ಎನ್ನುತ್ತೇನೆ. ನಿಮ್ಮ ದೇಹ ಕಳುಹಿಸಬೇಕಾದ್ದನ್ನೆಲ್ಲ ಕಳುಹಿಸಿತ್ತು, ವರದಿಯೇ ಅದಕ್ಕೆ ಸಾಕ್ಷಿ. ಇನ್ನಷ್ಟು ಕೋಶಗಳು ಬಂದಿದ್ದರೂ ಅವು ನಿಲ್ಲುತ್ತಿದ್ದುದು ಅದೇ ರಂಧ್ರದ ಹೊರಗೆ. ಶಕ್ತಿ ಹೆಚ್ಚಿಸುವುದೆಂದು ಮಾರುವ ಪುಡಿ, ಮಾತ್ರೆ, ಪಾನಕಗಳಿಗೆ ಇಲ್ಲಿ ಮಾಡಲು ಏನೂ ಕೆಲಸವಿಲ್ಲ. ಬರೀ ಆಂಟಿಬಯಾಟಿಕ್ ನುಂಗಿ ರೂಟ್ ಕೆನಾಲ್ ತಪ್ಪಿಸಿಕೊಳ್ಳಲು ನೋಡುವವರಿಗೂ ಇದೇ ಮಾತು: ಮಾತ್ರೆ ಹೋಗುವುದು ರಕ್ತದಲ್ಲಿ, ರಕ್ತ ಒಳಗೆ ಹೋಗುತ್ತಿಲ್ಲ. ಮುಖ ಊದಿಕೊಂಡು ಜ್ವರ ಬಂದಾಗ, ಸೋಂಕು ಹರಡುವ ಲಕ್ಷಣವಿದ್ದಾಗ ಆಂಟಿಬಯಾಟಿಕ್ ಬೇಕೇ ಬೇಕು, ಆದರೆ ಅದು ಹಲ್ಲಿನ ಚಿಕಿತ್ಸೆಯ ಜೊತೆಗೆ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಯಲ್ಲಿಡುವುದು ಮಾತ್ರ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹತೋಟಿ ತಪ್ಪಿದ ಮಧುಮೇಹಕ್ಕೂ ಈ ಗಾಯಗಳು ನಿಧಾನವಾಗಿ ಮಾಯುವುದಕ್ಕೂ ನಂಟಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಮುಂದೆ ಆಗುವುದಿಷ್ಟು. ಬ್ಯಾಕ್ಟೀರಿಯಾದ ಮೂಲ ಹೋದರೆ ಅದೇ ಕೋಶಗಳ ನಡವಳಿಕೆ ಬದಲಾಗುತ್ತದೆ. ನ್ಯೂಟ್ರೋಫಿಲ್‌ಗಳು ಬರುವುದು ನಿಲ್ಲುತ್ತದೆ. ಮ್ಯಾಕ್ರೋಫೇಜ್‌ಗಳು ಉಳಿದದ್ದನ್ನು ಗುಡಿಸಿ, ಹೊಸ ನಾರು ಮತ್ತು ರಕ್ತನಾಳಗಳಿಗೆ ಸಂಕೇತ ಕೊಡಲು ತೊಡಗುತ್ತವೆ. ರ್‍ಯಾಂಕ್‌ಎಲ್ ತಗ್ಗಿ, ಮೂಳೆ ಕಟ್ಟುವ ಕೋಶಗಳು ಅಂಚಿನಿಂದ ಒಳಮುಖವಾಗಿ ಕೆಲಸ ಶುರುಮಾಡುತ್ತವೆ. ಇದು ವಾರಗಳ ಮಾತಲ್ಲ. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ತಿಂಗಳುಗಳು ಬೇಕು, ಪೂರ್ತಿ ತುಂಬಿಕೊಳ್ಳಲು ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ರೂಟ್ ಕೆನಾಲ್ ಆದ ಮೇಲೆ ನಾಲ್ಕು ವರ್ಷದ ತನಕ ಕಾದು ನೋಡುವ ರೂಢಿ ಇರುವುದು ಅದಕ್ಕೇ, ಮತ್ತು ನಿಮ್ಮ ವೈದ್ಯರು ಅಷ್ಟು ಕಾದದ್ದು ಸರಿಯಾಗಿಯೇ ಇತ್ತು. ಶಸ್ತ್ರಚಿಕಿತ್ಸೆಯ ನಂತರ ಒಂದು ವರ್ಷಕ್ಕೆ ಎಕ್ಸ್‌ರೇ ತೆಗೆಸಿ. ಮಚ್ಚೆ ಕುಗ್ಗುತ್ತಿದೆಯೇ ಎಂಬುದನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಲಿ. ಅದಕ್ಕೂ ಮೊದಲೇ ಒಸಡಿನಲ್ಲಿ ಮೊಡವೆಯಂಥ ಗುಳ್ಳೆ ಎದ್ದು ಕೀವು ಬಂದರೆ, ಹಲ್ಲನ್ನು ತಟ್ಟಿದಾಗ ನೋವಾದರೆ, ಊತ ಕಂಡರೆ ಕಾಯಬೇಡಿ.

ಒಂದು ಸಂಗತಿಯನ್ನು ಈಗಲೇ ತಿಳಿದಿರಿ. ಮಚ್ಚೆ ದೊಡ್ಡದಾಗಿದ್ದು ಬೇರಿನ ಮುಂದಿನ ಮತ್ತು ಅಂಗುಳದ ಕಡೆಯ ಎರಡೂ ಮೂಳೆಗೋಡೆಗಳನ್ನು ತೂತು ಮಾಡಿದ್ದರೆ, ಆ ಜಾಗ ಮೂಳೆಯ ಬದಲು ನಾರಿನ ಕಲೆಯಿಂದ ತುಂಬಿಕೊಳ್ಳಬಹುದು. ಮೇಲ್ದವಡೆಯ ಮುಂದಿನ ಹಲ್ಲುಗಳಲ್ಲಿ ಇದು ಗೊತ್ತಿರುವ ವಿಷಯವೇ. 1972ರಲ್ಲಿ ರೂಡ್, ಆಂಡ್ರಿಯಾಸನ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯ ನಂತರದ ಎಕ್ಸ್‌ರೇಗಳನ್ನು ವಿಂಗಡಿಸುವಾಗ ಇದಕ್ಕೊಂದು ಪ್ರತ್ಯೇಕ ವರ್ಗವನ್ನೇ ಮಾಡಿದರು. ಆ ಕಲೆ ಎಕ್ಸ್‌ರೇಯಲ್ಲಿ ಕಪ್ಪಾಗಿಯೇ ಕಾಣುತ್ತದೆ, ಹೆಚ್ಚಾಗಿ ಬೇರಿನಿಂದ ತುಸು ಪಕ್ಕಕ್ಕೆ, ಅಂಕುಡೊಂಕಾದ ಅಂಚಿನೊಂದಿಗೆ. ಅಲ್ಲಿ ಉರಿಯೂತದ ಕೋಶಗಳು ಹೆಚ್ಚುಕಡಿಮೆ ಇರುವುದಿಲ್ಲ. ಎರಡು ಮೂರು ವರ್ಷ ಕಳೆದರೂ ಅದು ಬೆಳೆಯದೆ, ತೊಂದರೆ ಕೊಡದೆ ಹಾಗೆಯೇ ಇದ್ದರೆ, ಇನ್ನೊಂದು ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಇದು ಕಲೆಯೇ ಇರಬಹುದಲ್ಲವೆ ಎಂದು ನಿಮ್ಮ ವೈದ್ಯರನ್ನು ಕೇಳಿ.